ನಗದೇ ನಗಿಸುವವರು

ಜೋಕು ಹೇಳುವವರಲ್ಲಿ ಎರಡು ಜಾತಿ. ಮೊದಲನೆಯವರು "ಒಂದು ಜೋಕ್ ಹೇಳ್ತೀನಿ ಕೇಳಿ" ಅನ್ನುವಾಗಲೇ ನಗಲು ಶುರು ಮಾಡಿರುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು. ಜೋಕು ಮುಗಿಯಿತಾ, ಇನ್ನೂ ಇದೆಯಾ ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ನಾವು ಮರ್ಯಾದೆಗೆ ಹಲ್ಲು ಬಿಟ್ಟು ಸುಮ್ಮನಾಗುತ್ತೇವೆ. ಎರಡನೆಯವರ ದಾರಿಯೇ ಬೇರೆ. ಮದುವೆ ಊಟದ ಪಂಕ್ತಿಯಲ್ಲಿ ಅನ್ನ ಕಲಸುತ್ತಾ, ಎಲೆಯಿಂದ ತಲೆ ಎತ್ತದೆ, ರೇಷನ್ ಕಾರ್ಡಿನ ವಿಷಯ ಹೇಳುವ ದನಿಯಲ್ಲಿ ಒಂದು ಮಾತು ಬಿಸಾಕುತ್ತಾರೆ. ಅಕ್ಕಪಕ್ಕದವರಿಗೆ ಸಾರು ನೆತ್ತಿಗೆ ಹತ್ತುತ್ತದೆ. "ಯಾಕೆ, ಏನಾಯ್ತು? ನೀರು ಕುಡೀರಿ" ಅಂತ ಅವರೇ ಉಪಚಾರ ಮಾಡುತ್ತಾರೆ.

ಈ ಎರಡನೇ ಜಾತಿಯವರು ತುಂಬಾ ಕಡಿಮೆ. ನಾನು ಕಂಡವರಲ್ಲಿ, ಅಂದರೆ ಪರದೆಯ ಮೇಲೆ ಕಂಡವರಲ್ಲಿ, ಕೆನಡಾದ ನಟ ಲೆಸ್ಲಿ ನೀಲ್ಸನ್ ಅವರಿಗೆ ಅಗ್ರಪೂಜೆ. ಬಿಳಿ ತಲೆ, ತೀಡಿದಂಥ ಕ್ರಾಪು, ಬ್ಯಾಂಕ್ ಮ್ಯಾನೇಜರಿಗೋ ಹಾರ್ಟ್ ಸರ್ಜನ್ನಿಗೋ ಇರಬೇಕಾದ ಗತ್ತು. ಆ ಮುಖ ನೋಡಿದರೆ ಯಾರಾದರೂ ಕೇಳಿದ ಕಡೆ ಸಹಿ ಹಾಕಿಬಿಡುತ್ತಾರೆ. ಅದೇ ಮುಖ ಇಟ್ಟುಕೊಂಡು ಅವರು ಪ್ರಪಂಚವನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದರು. ಮಜಾ ಏನಂದರೆ, ಹೀಗೆ ನಗಿಸಲು ಶುರು ಮಾಡುವ ಹೊತ್ತಿಗೆ ಅವರಿಗೆ 54 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿ ಲೆಕ್ಕ ಹಾಕುತ್ತಾ ಕೂತಿರುತ್ತಾರೆ.

ಅವರು ಹುಟ್ಟಿದ್ದು 1926ರ ಫೆಬ್ರವರಿ 11ರಂದು, ಸಸ್ಕಾಚೆವಾನ್ ಪ್ರಾಂತ್ಯದ ರೆಜೈನಾದಲ್ಲಿ. ಅಪ್ಪ ಡೆನ್ಮಾರ್ಕಿನಿಂದ ಬಂದವರು, ಕೆನಡಾದ ಮೌಂಟೆಡ್ ಪೊಲೀಸ್. ಕೆಂಪು ಕೋಟು, ಅಗಲ ಟೋಪಿಯ ಪಡೆ ಇದೆಯಲ್ಲ, ಅದರಲ್ಲಿ ಕಾನ್‌ಸ್ಟೆಬಲ್. ಅಪ್ಪನಿಗೆ ಪೋಸ್ಟಿಂಗ್ ಆದ ಕಡೆಯೆಲ್ಲ ಸಂಸಾರವೂ ಹೋಗಬೇಕಲ್ಲ. ಹಾಗಾಗಿ ಹುಡುಗನ ಒಂದಿಷ್ಟು ಬಾಲ್ಯ ಉತ್ತರದ ಫೋರ್ಟ್ ನಾರ್ಮನ್‌ನಲ್ಲಿ ಕಳೆಯಿತು. ಮೆಕೆಂಜಿ ನದಿಯ ದಡದ ಪುಟ್ಟ ಊರು, ಈಗ ಅದರ ಹೆಸರು ತುಲಿತಾ. ಸುತ್ತ ಹಿಮ ಬಿಟ್ಟರೆ ಇನ್ನೇನಿಲ್ಲ. ಅಪ್ಪನ ಕೈ ಜೋರು, ಹೆಂಡತಿ ಮಕ್ಕಳ ಮೇಲೆ ಏಳುತ್ತಿತ್ತು. ಯಾವಾಗ ಇಲ್ಲಿಂದ ಓಡೋಣ ಅನ್ನುತ್ತಲೇ ಹುಡುಗ ಬೆಳೆದ. 17ಕ್ಕೆ ಕೆನಡಾದ ವಾಯುಪಡೆ ಸೇರಿದ. ವಿಮಾನದಿಂದ ಗುಂಡು ಹಾರಿಸುವ ತರಬೇತಿಯೂ ಆಯಿತು, ಅಷ್ಟರಲ್ಲಿ ಯುದ್ಧವೇ ಮುಗಿಯಿತು.

ಇನ್ನೊಂದು ವಿಷಯ, ಅವರಿಗೆ ಕಿವಿ ಮಂದ. ಬದುಕಿನ ಬಹುಪಾಲು ಹಿಯರಿಂಗ್ ಏಡ್ ಹಾಕಿಕೊಂಡೇ ಓಡಾಡಿದರು. ಇವತ್ತು ಅಪ್ಪನ ಮೂಡ್ ಹೇಗಿದೆ ಎಂದು ಮುಖ ನೋಡಿ ತಿಳಿಯಬೇಕಾದ ಮಗು, ಮೇಲೆ ಕಿವಿಯೂ ಸರಿಯಾಗಿ ಕೇಳದು. ಇಂಥವರು ಎದುರಿನವರ ಮುಖವನ್ನು ನಮಗಿಂತ ಜಾಸ್ತಿ ಓದುತ್ತಾರೆ, ತಮ್ಮ ಮುಖವನ್ನು ಯಾರಿಗೂ ಓದಲು ಬಿಡುವುದಿಲ್ಲ. ಇದು ನನ್ನ ಊಹೆ, ಅವರೇನೂ ಹೇಳಿದ್ದಲ್ಲ. ಆದರೆ ಊಹೆಗೆ ಒಂದು ಸಾಕ್ಷಿ ಆ ಮನೆಯಲ್ಲೇ ಇದೆ. ಅಣ್ಣ ಎರಿಕ್ ನೀಲ್ಸನ್ ರಾಜಕೀಯಕ್ಕೆ ಹೋದರು. ಯೂಕಾನ್ ಪ್ರದೇಶದಿಂದ ಸುಮಾರು 30 ವರ್ಷ ಸಂಸದರು, 1984ರಿಂದ 1986ರವರೆಗೆ ಕೆನಡಾದ ಉಪಪ್ರಧಾನಿ. ಪತ್ರಕರ್ತರು ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲವಂತೆ. ಅದಕ್ಕೇ ಅವರಿಗೆ 'ವೆಲ್ಕ್ರೋ ಲಿಪ್ಸ್' ಅಂತ ಅಡ್ಡಹೆಸರು. ಬ್ಯಾಗಿನ ವೆಲ್ಕ್ರೋ ಪಟ್ಟಿಯ ಹಾಗೆ ಅಂಟಿಕೊಂಡ ತುಟಿ! ಒಂದೇ ಮನೆಯ ಬಂಡವಾಳ ನೋಡಿ. ಅಣ್ಣ ಅದನ್ನು ಸಂಸತ್ತಿನಲ್ಲಿ ಹೂಡಿದರು, ತಮ್ಮ ಸಿನಿಮಾದಲ್ಲಿ.

ತಮ್ಮನ ಹೂಡಿಕೆಗೆ ಬಡ್ಡಿ ಬರಲು ತುಂಬಾ ಹೊತ್ತು ಹಿಡಿಯಿತು. ಕ್ಯಾಲ್ಗರಿಯ ಒಂದು ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸ, ಟೊರಾಂಟೋದಲ್ಲಿ ರೇಡಿಯೋ ಕಲೆಯ ತರಬೇತಿ, ಅಲ್ಲಿಂದ ಸ್ಕಾಲರ್‌ಶಿಪ್ ಹಿಡಿದು ನ್ಯೂಯಾರ್ಕಿನ ನಾಟಕ ಶಾಲೆ. ಟೀವಿ ಆಗ ಕಣ್ಣು ಬಿಡುತ್ತಿದ್ದ ಕಾಲ. ನಾಟಕಗಳೆಲ್ಲ ನೇರ ಪ್ರಸಾರ, ತಪ್ಪಿದರೆ ತಪ್ಪಿದ್ದೇ. 1950ರ ಒಂದೇ ವರ್ಷದಲ್ಲಿ ಅವರು 46 ಲೈವ್ ಕಾರ್ಯಕ್ರಮಗಳಲ್ಲಿ ಬಂದುಹೋದರು. ಒಂದಕ್ಕೆ 75 ಡಾಲರೋ 100 ಡಾಲರೋ ಸಿಗುತ್ತಿತ್ತು. ಆಮೇಲೆ ಹಾಲಿವುಡ್. 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರದಲ್ಲಿ ಅಂತರಿಕ್ಷ ನೌಕೆಯ ಕಮಾಂಡರ್. ಎತ್ತರದ ಆಳು, ಕಂಚಿನ ಕಂಠ, ಹೀರೋಗೆ ಬೇಕಾದ್ದೆಲ್ಲ ಇತ್ತು. ಆದರೂ ದೊಡ್ಡ ಸ್ಟಾರ್ ಆಗಲಿಲ್ಲ. ಪೊಲೀಸ್, ವಕೀಲ, ಡಾಕ್ಟರ್, ಕೊಲೆಗಾರ, ಕೊಲೆಯಾದವನು, ಹೀಗೆ ಸಿಕ್ಕ ಪಾತ್ರ ಮಾಡುತ್ತಾ ಇಪ್ಪತ್ತೈದು ಮೂವತ್ತು ವರ್ಷ ಕಳೆದರು. ಟೀವಿ ಹಾಕಿದರೆ ಎಲ್ಲೋ ನೋಡಿದ ಮುಖ. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ.

ಹೀಗಿರುವಾಗ ಜಿಮ್ ಅಬ್ರಹಾಮ್ಸ್, ಡೇವಿಡ್ ಜುಕರ್, ಜೆರ್ರಿ ಜುಕರ್ ಎಂಬ ಮೂವರು ತರುಣರ ಕಣ್ಣಿಗೆ ಒಂದು ಹಳೇ ಚಿತ್ರ ಬಿತ್ತು. ಜಾಹೀರಾತುಗಳನ್ನು ಗೇಲಿ ಮಾಡೋಣ ಅಂತ ಅವರು ರಾತ್ರಿಯ ಟೀವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತಿದ್ದರು. ಅದರಲ್ಲಿ 1957ರ 'ಜೀರೋ ಅವರ್!' ಸಿಕ್ಕಿಕೊಂಡಿತು. ವಿಮಾನದಲ್ಲಿ ಮೀನಿನ ಊಟ ತಿಂದವರಿಗೆಲ್ಲ ಹೊಟ್ಟೆ ಕೆಟ್ಟು, ಪೈಲಟ್‌ಗಳೂ ಉರುಳಿಬಿದ್ದು, ಕೊನೆಗೆ ಯುದ್ಧದ ಕಹಿ ನೆನಪಲ್ಲಿ ನರಳುವ ಪ್ರಯಾಣಿಕನೊಬ್ಬ ವಿಮಾನ ಇಳಿಸುವ ಕತೆ. ಭಾರೀ ಗಂಭೀರ. ಇದರ ಬೇರು ಕೂಡ ಕೆನಡಾದ್ದೇ, ಆರ್ಥರ್ ಹೇಯ್ಲಿ ಅಲ್ಲಿನ ಟೀವಿಗೆ ಬರೆದ ನಾಟಕ. ಮೂವರೂ ಆ ಚಿತ್ರದ ಹಕ್ಕನ್ನೇ ಕೊಂಡರು. ಕತೆ ಹಾಗೇ ಉಳಿಯಿತು, ಎಷ್ಟೋ ಕಡೆ ಮಾತೂ ಹಾಗೇ ಉಳಿಯಿತು. ಸಂದಿಯಲ್ಲೆಲ್ಲ ತಲೆಹರಟೆ ತುಂಬಿದರು. ಅದೇ 1980ರ 'ಏರ್‌ಪ್ಲೇನ್!'

ಸ್ಟುಡಿಯೋದವರಿಗೆ ಕಾಮಿಡಿ ನಟರು ಬೇಕಿತ್ತು. ತರುಣರು ಒಪ್ಪಲಿಲ್ಲ. ಕಾಮಿಡಿಯ ಗಂಧವೇ ಇಲ್ಲದವರು ಬೇಕು, ತಾವು ಕಾಮಿಡಿಯಲ್ಲಿ ಇದ್ದೇವೆ ಅನ್ನುವುದೇ ಗೊತ್ತಿಲ್ಲದ ಹಾಗೆ ಅವರು ನಟಿಸಬೇಕು ಎಂದು ಹಟ ಹಿಡಿದರು. ಡಾಕ್ಟರ್ ಪಾತ್ರ ನೀಲ್ಸನ್‌ಗೆ ಬಂತು.

ಆ ಡಾಕ್ಟರನ್ನು ನೋಡಬೇಕು. ಸ್ಟೆತಸ್ಕೋಪು ಮೊದಲಿಂದಲೂ ಕಿವಿಯಲ್ಲೇ ಇದೆ. ಸಂಕಟಪಡುವ ಒಬ್ಬ ಹೆಂಗಸಿನ ಬಾಯಿಂದ ಒಂದಾದಮೇಲೆ ಒಂದು ಇಡೀ ಮೊಟ್ಟೆ ತೆಗೆಯುತ್ತಾರೆ. ಮುಖದಲ್ಲಿ ಮಾತ್ರ ಇದು ದಿನಾ ನೋಡುವ ಕೇಸು ಅನ್ನೋ ಭಾವ. ಕೊನೆಗೆ ಅದರಿಂದ ಹಕ್ಕಿಯೇ ಹಾರಿಹೋದರೂ ಡಾಕ್ಟರಿಗೆ ಆಶ್ಚರ್ಯವಿಲ್ಲ. ಪ್ರಯಾಣಿಕರ ಮುಂದೆ ನಿಂತು, ಪೈಲಟ್‌ಗೆ ಏನೂ ಆಗಿಲ್ಲ, ಗಾಬರಿ ಬೇಡ ಅಂತ ಧೈರ್ಯ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ, ಸುಳ್ಳು ಹೇಳಿದರೆ ಮೂಗು ಬೆಳೆಯುವ ಕತೆಯ ಪಿನೋಕಿಯೋ ಗೊಂಬೆಯ ಹಾಗೆ, ಅವರ ಮೂಗು ಉದ್ದವಾಗುತ್ತಾ ಹೋಗುತ್ತದೆ. ಕಣ್ಣು ಅಲುಗುವುದಿಲ್ಲ. ವಿಮಾನ ಇಳಿಸಲು ಒದ್ದಾಡುತ್ತಿರುವವರ ಬಳಿಗೆ ಬಂದು, "ನಿಮಗೆ ಒಳ್ಳೆಯದಾಗಲಿ, ನಾವೆಲ್ಲ ನಿಮ್ಮನ್ನೇ ನಂಬಿಕೊಂಡಿದ್ದೇವೆ" ಅನ್ನುತ್ತಾರೆ. ಸರಿ, ದೊಡ್ಡ ಮನುಷ್ಯ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಹೇಳುತ್ತಾರೆ. ವಿಮಾನ ಇಳಿಯಿತು, ನಿಂತಿತು, ಎಲ್ಲರೂ ಬದುಕಿದರು. ಆಗಲೂ ಬಾಗಿಲು ತೆರೆದು ತಲೆ ಹಾಕಿ, ಅದೇ ದನಿಯಲ್ಲಿ, ಅದೇ ಕಾಳಜಿಯಿಂದ, ನಿಮ್ಮನ್ನೇ ನಂಬಿಕೊಂಡಿದ್ದೇವೆ ಅನ್ನುತ್ತಾರೆ. ಈ ಮೂರನೇ ಸಲ ಬಾಗಿಲು ತೆರೆಯುವುದನ್ನು ನಾನು ಎಷ್ಟು ಸಲ ನೋಡಿದರೂ ನಗು ತಡೆಯಲು ಆಗಿಲ್ಲ. ನಗಿಸಬೇಕು ಅನ್ನುವ ಆಸೆಯ ಒಂದು ಗೆರೆ ಆ ಮುಖದಲ್ಲಿ ಕಂಡಿದ್ದರೂ ಎಲ್ಲ ಕೆಟ್ಟುಹೋಗುತ್ತಿತ್ತು.

ಅವರು ಆ ಚಿತ್ರಕ್ಕಾಗಿ ಹೊಸದೇನನ್ನೂ ಕಲಿಯಲಿಲ್ಲ ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ. ಮುಖ ಅದೇ, ದನಿ ಅದೇ, ನಿಲ್ಲುವ ಭಂಗಿಯೂ ಅದೇ. ಬದಲಾಗಿದ್ದು ಸುತ್ತಲಿನ ಲೋಕ ಅಷ್ಟೇ. ಹಾಗಾಗಿಯೇ ಒಂದು ಎಡವಟ್ಟೂ ಆಯಿತು. ನಗು ಮುಂದಕ್ಕೆ ಮಾತ್ರ ಹರಿಯಲಿಲ್ಲ, ಹಿಂದಕ್ಕೂ ಹರಿಯಿತು. ಅವರ ಹಳೆಯ ಗಂಭೀರ ಚಿತ್ರಗಳನ್ನು ಈಗ ನೆಟ್ಟಗೆ ಕೂತು ನೋಡಲು ಆಗುವುದಿಲ್ಲ.

ಬೇಕಾದರೆ 1972ರ 'ದಿ ಪೊಸೈಡನ್ ಅಡ್ವೆಂಚರ್' ಹಾಕಿ ನೋಡಿ. ನ್ಯೂ ಇಯರ್ ರಾತ್ರಿ, ದೊಡ್ಡ ಹಡಗು, ಎದುರಿಗೆ ಬೆಟ್ಟದಂಥ ಅಲೆ. ಕ್ಯಾಪ್ಟನ್ ನೀಲ್ಸನ್ ಕಣ್ಣರಳಿಸಿ ನೋಡುತ್ತಾರೆ. ಹಡಗು ಮಗುಚಿ ನೂರಾರು ಜನ ಸಾಯುವ ಹೊತ್ತು. 1972ರಲ್ಲಿ ಥಿಯೇಟರಿನಲ್ಲಿದ್ದವರ ಎದೆ ಹೊಡೆದುಕೊಂಡಿರುತ್ತದೆ. ನಾವು ಮಾತ್ರ ಈಗ ಏನೋ ತಮಾಷೆ ಮಾಡುತ್ತಾರೆ ಅಂತ ಕಾಯುತ್ತೇವೆ. 1977ರ 'ಡೇ ಆಫ್ ದಿ ಅನಿಮಲ್ಸ್' ಇನ್ನೂ ಕಷ್ಟ. ಓಜೋನ್ ಪದರ ಹಾಳಾಗಿ ಕಾಡುಪ್ರಾಣಿಗಳಿಗೆ ಹುಚ್ಚು ಹಿಡಿದಿದೆ. ಮನುಷ್ಯರಿಗೂ ತಲೆ ಕೆಡುತ್ತಿದೆ. ಆಗ ನೀಲ್ಸನ್ ಅಂಗಿ ಬಿಚ್ಚಿ, ಬರೀ ಮೈಯಲ್ಲಿ, ದೈತ್ಯ ಕರಡಿಯ ಜೊತೆ ಕುಸ್ತಿಗೆ ಬೀಳುತ್ತಾರೆ. ಇದು ಗಂಭೀರ ದೃಶ್ಯ ಸ್ವಾಮಿ! ಯಾರೂ ನಗಲಿ ಎಂದು ತೆಗೆದದ್ದಲ್ಲ. ಪಾಪ, ಆ ಚಿತ್ರ ಮಾಡಿದವರಿಗೆ ಮೂರು ವರ್ಷ ಕಳೆದ ಮೇಲೆ ಹೀಗಾಗುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಅದೇ ಮೂವರು ಸೇರಿ 1982ರಲ್ಲಿ ನೀಲ್ಸನ್‌ಗೆ 'ಪೊಲೀಸ್ ಸ್ಕ್ವಾಡ್!' ಎಂಬ ಟೀವಿ ಸರಣಿ ಮಾಡಿದರು. ಆಗಿನ ಪತ್ತೇದಾರಿ ಸರಣಿಗಳು ಮುಗಿಯುವುದು ಹೇಗೆ ಅಂತ ಹಳಬರಿಗೆ ನೆನಪಿರಬಹುದು. ಎಲ್ಲರೂ ನಗುತ್ತಿರುವಾಗ ಚಿತ್ರ ಗಕ್ಕನೆ ನಿಲ್ಲುತ್ತದೆ, ಅದರ ಮೇಲೆ ಹೆಸರುಗಳು ಓಡುತ್ತವೆ. ಇಲ್ಲಿ ಚಿತ್ರ ನಿಲ್ಲುವುದಿಲ್ಲ, ನಟರೇ ಗೊಂಬೆಗಳ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದು ಕಂತಿನಲ್ಲಿ ಕಪ್ಪಿಗೆ ಕಾಫಿ ಸುರಿಯುತ್ತಿರುವವರು ಹಾಗೇ ನಿಂತುಬಿಟ್ಟರು. ಕಾಫಿ ನಿಲ್ಲಬೇಕಲ್ಲ? ಅದು ಕಪ್ಪು ತುಂಬಿ ಚೆಲ್ಲುತ್ತಲೇ ಇದೆ. ಇನ್ನೊಂದರಲ್ಲಿ ಹಿಡಿದು ತಂದ ಕೈದಿಗೆ, ಇವರು ಯಾಕೋ ಅಲ್ಲಾಡುತ್ತಿಲ್ಲವಲ್ಲ ಅಂತ ಹೊಳೆದು, ಓಡಿಹೋಗಲು ದಾರಿ ಹುಡುಕುತ್ತಾನೆ. ನೀಲ್ಸನ್ ಇದರಲ್ಲೆಲ್ಲ ಕಲ್ಲು. ಆದರೆ ಆರು ಕಂತಿಗೇ ಚಾನೆಲ್ಲಿನವರು ಅಂಗಡಿ ಮುಚ್ಚಿದರು. ಜನ ಇದನ್ನು ಗಮನ ಕೊಟ್ಟು ನೋಡಬೇಕಾಗುತ್ತದೆ ಅನ್ನೋದೇ ಅವರು ಕೊಟ್ಟ ಕಾರಣ. ಟೀವಿ ಹಾಕಿಕೊಂಡು ಸೊಪ್ಪು ಸೋಸುವವರಿಗೆ ಆಗುವಂಥದ್ದಲ್ಲ ಅಂತ ಅರ್ಥ ಇರಬೇಕು. ಇಷ್ಟಾಗಿಯೂ ಆ ಆರು ಕಂತಿಗೆ ನೀಲ್ಸನ್ ಅಮೆರಿಕದ ಟೀವಿ ಲೋಕದ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನ ಆದರು.

ಸತ್ತ ಸರಣಿ 1988ರಲ್ಲಿ 'ದಿ ನೇಕೆಡ್ ಗನ್' ಎಂಬ ಸಿನಿಮಾ ಆಗಿ ಎದ್ದು ಕೂತಿತು. 1991, 1994ರಲ್ಲಿ ಇನ್ನೆರಡು ಬಂದವು. ಅದರಲ್ಲಿ ಅವರು ಫ್ರಾಂಕ್ ಡ್ರೆಬಿನ್ ಎಂಬ ಪೊಲೀಸ್ ಅಧಿಕಾರಿ. ಕಾರು ನಿಲ್ಲಿಸಿದರೆ ಏನಾದರೊಂದಕ್ಕೆ ಗುದ್ದಿಯೇ ನಿಲ್ಲಿಸುವವರು, ಆದರೆ ಇಳಿಯುವ ಠೀವಿ ಮಾತ್ರ ನೋಡಬೇಕು. ಮೊದಲ ಚಿತ್ರದಲ್ಲಿ ಮೇಯರ್ ಪತ್ರಿಕಾಗೋಷ್ಠಿ ನಡೆಸುತ್ತಿದ್ದಾರೆ. ಡ್ರೆಬಿನ್ ತಮ್ಮ ಮಾತು ಮುಗಿಸಿ ಟಾಯ್ಲೆಟ್ಟಿಗೆ ಹೋಗುತ್ತಾರೆ. ಕೋಟಿಗೆ ಸಿಕ್ಕಿಸಿದ ಮೈಕು ತೆಗೆಯುವುದು ಮರೆತಿದೆ. ಒಳಗಿನ ಜಲಪಾತದ ಸದ್ದು, ಜೊತೆಗೆ ಅವರ ಗುನುಗು, ಎಲ್ಲಾ ಸಭೆಗೆ ಲೌಡ್‌ಸ್ಪೀಕರಿನಲ್ಲಿ. ಆನ್‌ಲೈನ್ ಮೀಟಿಂಗಿನ ಈ ಕಾಲದಲ್ಲಿ ಮ್ಯೂಟ್ ಒತ್ತುವುದನ್ನು ಮರೆತ ಎಲ್ಲರಿಗೂ ಡ್ರೆಬಿನ್ ಹಿರಿಯಣ್ಣ.

ಪರದೆಯ ಆಚೆಗೂ ಅವರು ಹೀಗೇ. ಅಂಗೈಯಲ್ಲಿ ಅಡಗುವ ಒಂದು ಪುಟ್ಟ ಸಾಧನ ಯಾವಾಗಲೂ ಜೊತೆಯಲ್ಲಿರುತ್ತಿತ್ತು. ಒತ್ತಿದರೆ ಹೂಸು ಬಿಟ್ಟ ಸದ್ದು. ಶೂಟಿಂಗಿರಲಿ, ಟೀವಿ ಸಂದರ್ಶನವಿರಲಿ, ಗಂಭೀರವಾಗಿ ಮಾತಾಡುತ್ತಲೇ ಮೆಲ್ಲಗೆ ಒತ್ತಿಬಿಡುತ್ತಿದ್ದರು. ಅರವತ್ತು ಎಪ್ಪತ್ತು ದಾಟಿದ, ಸೂಟು ಹಾಕಿದ, ಬೆಳ್ಳಿ ಕೂದಲಿನ ಮನುಷ್ಯ. ಅವರು ಕ್ಷಮೆಯನ್ನೂ ಕೇಳುವುದಿಲ್ಲ, ನಗುವುದೂ ಇಲ್ಲ. ಎದುರು ಕೂತವರು ಏನು ಮಾಡಬೇಕು? ಕೇಳಿಸಲಿಲ್ಲ ಅನ್ನಬೇಕಾ, ಮೂಗು ಮುಚ್ಚಬೇಕಾ? ಇದನ್ನು ಕೀಳು ಹಾಸ್ಯ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ ಬಿಡಿ. ಇಷ್ಟು ಕೀಳಾದದ್ದನ್ನು ಇಷ್ಟು ಗಾಂಭೀರ್ಯದಿಂದ ಮಾಡುವುದು ಸಾಮಾನ್ಯ ವಿದ್ಯೆ ಅಲ್ಲ. ಸರ್ಕಾರಕ್ಕೂ ಹಾಗೇ ಅನ್ನಿಸಿರಬೇಕು, 2002ರಲ್ಲಿ ಅವರಿಗೆ ಆರ್ಡರ್ ಆಫ್ ಕೆನಡಾ ಗೌರವ ಸಿಕ್ಕಿತು. 'ಡ್ಯೂ ಸೌತ್' ಎಂಬ ಕೆನಡಾದ ಟೀವಿ ಸರಣಿಯಲ್ಲಿ ಮೌಂಟೆಡ್ ಪೊಲೀಸ್ ಸಾರ್ಜೆಂಟ್ ಆಗಿಯೂ ಅವರು ಬಂದರು. ಮನೆಯಲ್ಲಿ ಹೆದರಿಸುತ್ತಿದ್ದ ಅಪ್ಪನ ಕೆಂಪು ಕೋಟನ್ನೇ ತೊಟ್ಟು ಜನರನ್ನು ನಗಿಸಿದರು.

2010ರ ನವೆಂಬರ್ 28ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ, ನ್ಯುಮೋನಿಯಾ ಆಗಿ ತೀರಿಕೊಂಡರು. ಆಗ 84 ವರ್ಷ. ಸಮಾಧಿ ಕಲ್ಲಿನ ಮೇಲೆ ಏನು ಬರೆಯಬೇಕು ಅಂತ ಮೊದಲೇ ಆರಿಸಿಟ್ಟಿದ್ದರು. 'ಬಿಡು, ಜೋರಾಗಿ ಬಿಡು' ಅನ್ನೋ ಅರ್ಥದ ಎರಡು ಮೂರು ಪದ. ಏನು ಬಿಡಬೇಕು ಅಂತ ಕಲ್ಲು ಹೇಳುವುದಿಲ್ಲ.

2025ರಲ್ಲಿ 'ದಿ ನೇಕೆಡ್ ಗನ್' ಮತ್ತೆ ಬಂತು, ಡ್ರೆಬಿನ್ ಮಗನ ಕತೆಯಾಗಿ. ಹಾಲಿವುಡ್‌ನಲ್ಲಿ ಕಾಮಿಡಿ ನಟರಿಗೇನು ಬರ? ಆದರೂ ಆ ಪಾತ್ರಕ್ಕೆ ಹುಡುಕಿ ತಂದದ್ದು ಲಿಯಾಮ್ ನೀಸನ್ ಅವರನ್ನು. 'ಟೇಕನ್' ಚಿತ್ರದಲ್ಲಿ ಮಗಳನ್ನು ಅಪಹರಿಸಿದವರಿಗೆ ಫೋನಿನಲ್ಲೇ ಎಚ್ಚರಿಕೆ ಕೊಟ್ಟು ಬೆವರಿಳಿಸಿದ ನಟ, ನಕ್ಕಿದ್ದನ್ನು ನೋಡಿದವರೇ ಕಡಿಮೆ. ಅವರೂ ಇಲ್ಲಿ ಒಂದಿಷ್ಟೂ ನಗದೆ ಕೆಲಸ ಮುಗಿಸಿದ್ದಾರೆ. ಸರಿಯಾದ ಆಯ್ಕೆಯೇ. ಆದರೆ ಮೊನ್ನೆ ಅವರ ಆ ಹಳೇ ಫೋನ್ ದೃಶ್ಯ ಟೀವಿಯಲ್ಲಿ ಬಂದಾಗ ನನಗೆ ಯಾಕೋ ಕಿಸಕ್ಕೆಂದು ನಗು ಬಂತು. ಪಕ್ಕದಲ್ಲಿದ್ದವರು ಏನು ಅಂತ ಕೇಳಿದರು. ಏನೂ ಇಲ್ಲ ಅಂದೆ.