ಸತ್ಯಾಂಶ: ಕೌನ್ಸಿಲ್ ನೆರವು ಕೇಳಿದರೆ ಮಕ್ಕಳನ್ನು ಕಿತ್ತುಕೊಳ್ಳುತ್ತಾರಾ?

ಇಂಗ್ಲೆಂಡಿನಲ್ಲಿರುವ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಆಗಾಗ ಬರುತ್ತದೆ: ಮಕ್ಕಳ ವಿಷಯಕ್ಕೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆ) ಸಹಾಯ ಕೇಳಬೇಡಿ, ಮಕ್ಕಳನ್ನೇ ಕರೆದುಕೊಂಡು ಹೋಗುತ್ತಾರೆ. ಇದು ಸರಿಯಲ್ಲ.

ಅಲ್ಲಿನ 1989ರ ಮಕ್ಕಳ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಹೆಚ್ಚುಕಡಿಮೆ ಉಲ್ಟಾ. ನೆರವು ಬೇಕಾದ ಮಕ್ಕಳು ಆದಷ್ಟೂ ಮನೆಯವರ ಜೊತೆಯಲ್ಲೇ ಬೆಳೆಯುವ ಹಾಗೆ ಸೇವೆ ಒದಗಿಸುವುದು ಕೌನ್ಸಿಲ್‌ನ ಕರ್ತವ್ಯ. ಅಂಗವೈಕಲ್ಯ ಇರುವ ಮಗುವನ್ನು ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಸ್ವಲ್ಪ ಬಿಡುವು ಕೊಡಿಸುವುದೂ ಈ ಕೆಲಸದ ಭಾಗವೇ.

ಹಾಗಂತ ಭಯ ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಮಕ್ಕಳನ್ನು ಮನೆಯಿಂದ ದೂರ ಇಡುವುದೂ ಉಂಟು. ಆದರೆ ಮಗುವನ್ನು ಕೌನ್ಸಿಲ್ ಸುಪರ್ದಿಗೆ ಕೊಡುವ ಆದೇಶ ಮಾಡುವುದು ಕೋರ್ಟು. 31ನೇ ಸೆಕ್ಷನ್ ಪ್ರಕಾರ ಮಗುವಿಗೆ ಗಂಭೀರ ಹಾನಿ ಆಗುತ್ತಿರಬೇಕು, ಇಲ್ಲವೇ ಆಗುವ ಸಾಧ್ಯತೆ ಇರಬೇಕು. ತುರ್ತು ಅಪಾಯ ಇದ್ದರೆ ಪೊಲೀಸರು ಕೋರ್ಟಿಗೆ ಹೋಗದೆಯೂ ಮಗುವನ್ನು ರಕ್ಷಣೆಗೆ ಪಡೆಯಬಹುದು, ಗರಿಷ್ಠ 72 ಗಂಟೆ. ಸುಮ್ನೆ ಸಹಾಯ ಕೇಳಿದ್ದು ಇದ್ಯಾವುದಕ್ಕೂ ಕಾರಣ ಆಗುವುದಿಲ್ಲ.

ನೀವೇ ನೋಡಬಹುದು. ಇಡೀ ಕಾಯ್ದೆ ಬ್ರಿಟಿಷ್ ಸರ್ಕಾರದ ಶಾಸನಗಳ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಕೌನ್ಸಿಲ್‌ನ ಮಕ್ಕಳ ಸೇವೆ ಹೇಗಿದೆ ಅಂತ ಆಫ್‌ಸ್ಟೆಡ್ (ಶಾಲೆ ಮತ್ತು ಮಕ್ಕಳ ಸೇವೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ) ತಪಾಸಣಾ ವರದಿಗಳಲ್ಲಿ ಓದಬಹುದು. ಸಂದೇಶ ಕಳಿಸಿದವರು ಕಾಳಜಿಯಿಂದಲೇ ಕಳಿಸಿರುತ್ತಾರೆ, ಅಲ್ವಾ? ಯಾವ ಸೆಕ್ಷನ್, ಯಾವ ಕೋರ್ಟಿನ ಆದೇಶ ಅಂತ ಸಮಾಧಾನವಾಗಿ ಕೇಳಿ. ಮಗುವನ್ನು ಬೇರೆಡೆ ಇರಿಸುವ ಒಪ್ಪಂದಕ್ಕೆ ಕೌನ್ಸಿಲ್‌ನವರು ನಿಮ್ಮ ಸಹಿ ಕೇಳಿದರೆ ಮಾತ್ರ, ಮೊದಲು ವಕೀಲರ ಸಲಹೆ ಪಡೆಯಿರಿ.