ಮಳೆ ರಜೆಯ ಆನ್‌ಲೈನ್ ಪಾಠ ಜೂನ್‌ನಲ್ಲೇ ತಯಾರಾಗಬೇಕು

ಜುಲೈ ಬಂತೆಂದರೆ ಕೊಡಗು, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ನಾಳೆ ಡಿಸಿ ರಜೆ ಕೊಟ್ಟರಾ? ಕೊಟ್ಟರೆ ಬೆಳಿಗ್ಗೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಗೂಗಲ್ ಮೀಟ್ ಲಿಂಕ್ ಬಂದು ಬೀಳುತ್ತದೆ. ಬೆರಳೆಣಿಕೆಯ ಮಕ್ಕಳು ಸೇರುತ್ತಾರೆ. 'ಸರ್, ಕೇಳಿಸ್ತಿಲ್ಲ', 'ಮಿಸ್, ಕಟ್ ಆಗ್ತಿದೆ' ಅನ್ನುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ಆಮೇಲೆ ಶಿಕ್ಷಕರೂ ಪೋಷಕರೂ ಸೇರಿ ಒಂದೇ ತೀರ್ಪು ಕೊಡುತ್ತಾರೆ: ಹಳ್ಳಿ ಕಡೆ ಆನ್‌ಲೈನ್ ಪಾಠ ಆಗುವ ಮಾತಲ್ಲ.

ಆಗುವ ಮಾತೇ. ಆದರೆ ಲಿಂಕ್ ಕಳಿಸಿದರೆ ಆನ್‌ಲೈನ್ ಪಾಠ ಆಯಿತು ಅಂದುಕೊಂಡಿರುವುದೇ ತಪ್ಪು. ರಜೆ ತರುವ ಮಳೆಯೇ ಕರೆಂಟನ್ನೂ ನೆಟ್‌ವರ್ಕನ್ನೂ ಒಯ್ಯುತ್ತದೆ. ಮರ ಬಿದ್ದು ಲೈನ್ ಕಡಿದರೆ ಟವರ್ ಬ್ಯಾಟರಿ ಮೇಲೆ ಕೆಲವು ಗಂಟೆ ನಡೆದು ನಿಲ್ಲುತ್ತದೆ. ಅಂದರೆ ಇಡೀ ವರ್ಷದಲ್ಲಿ ಲೈವ್ ತರಗತಿಗೆ ಅತಿ ಕೆಟ್ಟ ದಿನ ಯಾವುದೋ ಅದೇ ದಿನವನ್ನು ನಾವು ಲೈವ್ ತರಗತಿಗೆ ಆರಿಸಿಕೊಳ್ಳುತ್ತಿದ್ದೇವೆ. ಮಳೆಗಾಲದ ಪಾಠ ಜೂನ್ ಮೊದಲ ಎರಡು ವಾರಗಳಲ್ಲಿ ತಯಾರಾಗಿ, ಮಗುವಿನ ಚೀಲದಲ್ಲೂ ಮನೆಯ ಫೋನಿನಲ್ಲೂ ಮೊದಲೇ ಕೂತಿರಬೇಕು. ರಜೆಯ ದಿನ ಕಳಿಸಬೇಕಾದ್ದು ಒಂದು ಸಾಲು ಅಷ್ಟೇ: 'ಇವತ್ತು ಮೂರನೇ, ನಾಲ್ಕನೇ ಹಾಳೆ.' ಅಷ್ಟಕ್ಕೆ ಎಸ್‌ಎಂಎಸ್ ಸಾಕು.

ಮೊದಲ ಕೆಲಸ ಎಣಿಕೆ. ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿರುವ ಪೋಷಕರ ನಂಬರ್ ನಂಬಿ ಕೂರಬೇಡಿ. ಮಗು ಒಂದನೇ ತರಗತಿಗೆ ಸೇರುವಾಗ ಕೊಟ್ಟ ನಂಬರ್ ಎಂಟನೇ ತರಗತಿಗೆ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬದಲಾಗಿರುತ್ತದೆ. ಪ್ರತಿ ಮಗುವನ್ನು ಐದು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಮನೆಯಲ್ಲಿ ಯಾವ ಫೋನ್ ಇದೆ, ಅದು ಯಾರ ಕೈಯಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ, ಸಿಗ್ನಲ್ ಎಲ್ಲಿ ಸಿಗುತ್ತದೆ, ಅದೇ ಫೋನಿನಲ್ಲಿ ಓದುವ ಅಣ್ಣತಂಗಿಯರು ಎಷ್ಟು ಜನ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ, ಅಂದರೆ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗಿನ ರಾಜ್ಯ ಸರ್ಕಾರದ ಕಲಿಕಾ ಕಾರ್ಯಕ್ರಮ, ಮಕ್ಕಳನ್ನು ಫೋನೇ ಇಲ್ಲದವರು, ಫೋನಿದ್ದೂ ಇಂಟರ್ನೆಟ್ ಇಲ್ಲದವರು, ಎರಡೂ ಇರುವವರು ಎಂದು ಮೂರು ಗುಂಪು ಮಾಡಿತ್ತು. ಆ ವಿಂಗಡಣೆ ಇವತ್ತಿಗೂ ಸರಿಯಾದದ್ದು. ಪಾಠವನ್ನು ಮೊದಲ ಗುಂಪಿಗೆ ಹೊಂದುವ ಹಾಗೆ ರಚಿಸಿ. ಮೂರನೇ ಗುಂಪಿನಿಂದ ಶುರು ಮಾಡಿದ ಶಾಲೆ ಮೊದಲ ಗುಂಪಿನ ಹತ್ತಿರ ತಲುಪಿದ್ದನ್ನು ನಾನು ಕಾಣೆ.

ಫೋನಿಲ್ಲದ ಮಗುವಿಗೆ ಕಾಗದ. ಮಗುವಿಗೊಂದು ಪ್ಲಾಸ್ಟಿಕ್ ಕವರ್, ಒಳಗೆ ಹತ್ತು ಹಾಳೆ, ಎರಡೂ ಬದಿ ಜೆರಾಕ್ಸ್. ದಿನಕ್ಕೆ ಎರಡು ಹಾಳೆಯಂತೆ ಐದು ರಜೆಗೆ ಸಾಲುತ್ತದೆ. ಪುಟಕ್ಕೆ ಒಂದೂವರೆ ರೂಪಾಯಿ ಹಿಡಿದರೆ ಮಗುವಿಗೆ ಮೂವತ್ತು, 120 ಮಕ್ಕಳಿಗೆ 3,600 ರೂಪಾಯಿ. ಸಮಗ್ರ ಶಿಕ್ಷಣದ ಶಾಲಾ ಅನುದಾನದಲ್ಲಿ ಇಷ್ಟು ಹೊಂದಿಸುವುದು ಕಷ್ಟವಲ್ಲ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿಕೊಂಡರಾಯಿತು. ಹಾಳೆಯಲ್ಲಿ ಹೊಸ ಪಾಠ ಬೇಡ. ಕಲಿಸಿದ್ದರ ಮೇಲೆ ಆರು ಲೆಕ್ಕ, ಒಂದು ಬಿಡಿಸಿದ ಮಾದರಿ, ಪಠ್ಯಪುಸ್ತಕದ ಇಂತಿಷ್ಟು ಪುಟ ಓದು. ಮಾದರಿ ಇಲ್ಲದ ಹಾಳೆ ಖಾಲಿಯಾಗಿಯೇ ವಾಪಸ್ ಬರುತ್ತದೆ. ಮಗು ಸೋಮಾರಿ ಅಂತಲ್ಲ, ಎರಡನೇ ಲೆಕ್ಕದಲ್ಲಿ ಸಿಕ್ಕಿಕೊಂಡಾಗ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ.

ಫೋನಿರುವ ಮನೆಗೆ ಮೊದಲು ಧ್ವನಿ, ಆಮೇಲೆ ವೀಡಿಯೊ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 32 ಕಿಲೋಬಿಟ್‌ನಲ್ಲಿ ಐದು ನಿಮಿಷದ ಧ್ವನಿ ಸುಮಾರು 1.2 ಎಂಬಿ. ಅದೇ ಐದು ನಿಮಿಷದ 360ಪಿ, ಅಂದರೆ ಕಡಿಮೆ ಸ್ಪಷ್ಟತೆಯ ವೀಡಿಯೊ 20ರಿಂದ 25 ಎಂಬಿ. ಲೈವ್ ತರಗತಿ ಗಂಟೆಗೆ ನೂರಾರು ಎಂಬಿ ಎಳೆಯುತ್ತದೆ. ಕನ್ನಡ, ಸಮಾಜ, ಇಂಗ್ಲಿಷ್ ಪಾಠಕ್ಕೆ ಪುಸ್ತಕ ಎದುರಿಗಿದ್ದರೆ ಧ್ವನಿಯೇ ಸಾಕು: 'ಪುಟ 42 ತೆಗೆಯಿರಿ, ಎರಡನೇ ಪ್ಯಾರಾ ಮೇಲೆ ಬೆರಳಿಡಿ.' ಬೆರಳಿಡಿ ಅನ್ನುವ ಮಾತು ಬಿಡಬಾರದು. ಮುಖ ಕಾಣದ ಪಾಠದಲ್ಲಿ ಮಗುವಿನ ಗಮನವನ್ನು ಪುಟದ ಮೇಲೆ ಹಿಡಿದಿಡುವುದು ಅದೊಂದೇ.

ವೀಡಿಯೊ ಬೇಕಾಗುವುದು ರೇಖಾಗಣಿತ, ವಿಜ್ಞಾನದ ಪ್ರಯೋಗ, ನಕಾಶೆ, ಅಕ್ಷರ ತಿದ್ದುವುದು, ಇಂಥವಕ್ಕೆ. ಇಲ್ಲಿ ಕನ್ನಡಕ್ಕೇ ಅಂಟಿದ ಒಂದು ತೊಂದರೆ ಇದೆ. ತರಗತಿಯ ಬೋರ್ಡಿನಲ್ಲಿ ಬರೆದ ಹಾಗೆಯೇ ಬರೆದು ಚಿತ್ರೀಕರಿಸಿದರೆ 360ಪಿಗೆ ಇಳಿದಾಗ ಮೊದಲು ಮಾಯವಾಗುವುದು ಒತ್ತಕ್ಷರ. 'ರಾಷ್ಟ್ರ' ಎಂದು ಬರೆದರೆ ಅಡಿಯಲ್ಲಿರುವ ಎರಡು ಒತ್ತು ಕಲೆಸಿ ಒಂದು ಬಿಳಿ ಚುಕ್ಕೆಯಾಗುತ್ತದೆ. ಗಣಿತದಲ್ಲಿ ಘಾತದ ಸಣ್ಣ ಅಂಕಿಗೂ ಅದೇ ಗತಿ. ಅದಕ್ಕೆ ಬೋರ್ಡಿನ ನಡುವಿನ ನಾಲ್ಕು ಅಡಿ ಅಗಲ ಮಾತ್ರ ಬಳಸಿ, ಅಕ್ಷರ ಮೂರು ಇಂಚು ಎತ್ತರವಿರಲಿ, ಒತ್ತಿಗೆ ಇನ್ನೆರಡು ಇಂಚು ಜಾಗ ಬಿಟ್ಟು ಮುಂದಿನ ಸಾಲು ಬರೆಯಿರಿ. ಒಂದು ಸಲಕ್ಕೆ ನಾಲ್ಕೈದು ಸಾಲು ದಾಟಬಾರದು. ಫೋನ್ ಅಡ್ಡವಾಗಿರಲಿ, ಬೋರ್ಡಿನ ನಡುಮಟ್ಟಕ್ಕಿರಲಿ. ಕಿಟಕಿ ಬೋರ್ಡಿನ ಎದುರಿಗಿದ್ದರೆ ಹೊಳಪು ಹೊಡೆಯುತ್ತದೆ, ಪಕ್ಕದ ಕಿಟಕಿಯ ಬೆಳಕು ಒಳ್ಳೆಯದು. ಫ್ಯಾನ್ ಆರಿಸಿ. ಹೆಂಚಿನ ಅಥವಾ ಶೀಟಿನ ಛಾವಣಿಯಿದ್ದರೆ ಮಳೆ ನಿಂತ ಹೊತ್ತು ನೋಡಿ ಚಿತ್ರೀಕರಿಸಿ. ಕಾಲರಿಗೆ ಸಿಕ್ಕಿಸುವ ತಂತಿಯ ಸಣ್ಣ ಮೈಕ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಮೆರಾಕ್ಕಿಂತ ಮೊದಲು ಅದನ್ನು ಕೊಳ್ಳಿ, ಯಾಕೆಂದರೆ ಚಿತ್ರ ಮಸುಕಾದರೆ ಮಗು ಸಹಿಸುತ್ತದೆ, ಮಾತು ಕೇಳದಿದ್ದರೆ ಬಿಟ್ಟು ಏಳುತ್ತದೆ.

ಎಲ್ಲವನ್ನೂ ಹೊಸದಾಗಿ ಮಾಡಬೇಕಿಲ್ಲ. ಪಠ್ಯಪುಸ್ತಕದಲ್ಲೇ ಸರ್ಕಾರದ ಕಲಿಕಾ ಆಪ್ ದೀಕ್ಷಾದ ಕ್ಯೂಆರ್ ಕೋಡ್ ಇದೆ. ಹಳೇ ಫೋನಿನ ಕ್ಯಾಮೆರಾ ಅದನ್ನು ಹಿಡಿಯದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರವನ್ನು ಆಪ್‌ನಲ್ಲಿ ಟೈಪ್ ಮಾಡಿದರೂ ಪಾಠ ತೆರೆಯುತ್ತದೆ, ಇದನ್ನು ಪೋಷಕರಿಗೆ ಯಾರೂ ಹೇಳುವುದಿಲ್ಲ. ಆಪ್‌ನಲ್ಲಿ ಇಳಿಸಿಟ್ಟುಕೊಂಡದ್ದು ನೆಟ್ ಇಲ್ಲದೆಯೂ ಓಡುತ್ತದೆ. ಜೂನ್‌ನ ಪೋಷಕರ ಸಭೆಗೆ ಫೋನ್ ತರಲು ಹೇಳಿ, ಶಾಲೆಯ ವೈಫೈನಲ್ಲೇ ಆ ತಿಂಗಳ ಪಾಠ ಇಳಿಸಿಕೊಟ್ಟು ಕಳಿಸಿ.

ಇನ್ನು ಗೂಗಲ್ ಫಾರ್ಮ್ ಪರೀಕ್ಷೆ. ಇದರಲ್ಲಿ ಮಕ್ಕಳಿಗೆ ಆಗುವ ಅನ್ಯಾಯ ಹೊರಗೆ ಕಾಣುವುದೇ ಇಲ್ಲ. 'ಒಬ್ಬರಿಗೆ ಒಂದೇ ಉತ್ತರ' ಎಂದು ಮಿತಿ ಹಾಕಿದರೆ ಅಪ್ಪನ ಒಂದೇ ಜಿಮೇಲ್‌ನಲ್ಲಿ ಬರೆಯುವ ಅವಳಿ ಮಕ್ಕಳಲ್ಲಿ ಎರಡನೆಯವರಿಗೆ ಬಾಗಿಲು ಮುಚ್ಚುತ್ತದೆ. ಸಣ್ಣ ಉತ್ತರದ ಪ್ರಶ್ನೆಗೆ ಸರಿಯುತ್ತರ 25 ಎಂದು ಕೊಟ್ಟಿದ್ದು, ಮಗು ಕನ್ನಡ ಅಂಕಿಯಲ್ಲಿ ೨೫ ಎಂದು ಬರೆದರೆ ಯಂತ್ರ ಸೊನ್ನೆ ಕೊಡುತ್ತದೆ. ಕನ್ನಡ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಸಣ್ಣ ಉತ್ತರವನ್ನು ಶಿಕ್ಷಕರೇ ತಿದ್ದಲಿ, ಯಂತ್ರಕ್ಕೆ ಬಹು ಆಯ್ಕೆಯ ಪ್ರಶ್ನೆ ಮಾತ್ರ ಬಿಡಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯನ್ನು ನೇರ ತಂದು ಅಂಟಿಸಿದರೆ ಮಕ್ಕಳಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್‌ಗೆ ಬದಲಾಯಿಸಿ, ಬದಲಾದ ಮೇಲೆ ಒತ್ತು, ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ನೋಡಬೇಕು, ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲೇ.

ನೋಟ್‌ಬುಕ್ಕಿನ ಫೋಟೊ ಕಳಿಸಿ ಎನ್ನುವ ಪದ್ಧತಿಯನ್ನಂತೂ ನಿಲ್ಲಿಸಬೇಕು. ನಲವತ್ತು ಮಕ್ಕಳು, ಐದು ವಿಷಯ, ದಿನಕ್ಕೆ ಇನ್ನೂರು ಫೋಟೊ. ಯಾವ ಮೇಷ್ಟ್ರೂ ಅದನ್ನು ನೋಡಿ ತಿದ್ದಲಾರರು. ಮಗುವಿಗೂ ಅದು ಗೊತ್ತಾಗಿಬಿಡುತ್ತದೆ.

ಗ್ರೂಪಿನ ವಿಷಯದಲ್ಲಿ ನನಗೆ ನಿಜವಾದ ಕಳವಳ ಇದೆ. ತರಗತಿಯ ವಾಟ್ಸಾಪ್ ಗ್ರೂಪ್ ಮಾಡಿದ ಕ್ಷಣ ಎಲ್ಲ ತಾಯಂದಿರ ನಂಬರ್ ಎಲ್ಲರಿಗೂ ಕಾಣುತ್ತದೆ. ಅಡ್ಮಿನ್ ಮಾತ್ರ ಕಳಿಸುವ ಹಾಗೆ ಮಾಡಿದರೂ ನಂಬರ್ ಮರೆಯಾಗುವುದಿಲ್ಲ. ವಾಟ್ಸಾಪ್‌ನದೇ ಕಮ್ಯುನಿಟಿಯ ಪ್ರಕಟಣೆ ಗ್ರೂಪಿನಲ್ಲಾದರೆ ಸದಸ್ಯರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದು, ಅದನ್ನೇ ಬಳಸಿ. ಬ್ರಾಡ್‌ಕಾಸ್ಟ್ ಲಿಸ್ಟ್ ಆದರೆ ಶಾಲೆಯ ನಂಬರನ್ನು ಪೋಷಕರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ಹೋಗುತ್ತದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ, ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಮುಖವಿರುವ ವೀಡಿಯೊ ಹಾಕುವ ಮುಂಚೆ ಸಹಿ ಮಾಡಿದ ಒಪ್ಪಿಗೆ ಪತ್ರ ಫೈಲಿನಲ್ಲಿರಲಿ.

ಶಿಕ್ಷಕರ ಬೆಂಬಲ ಎಂದರೆ ಒಂದು ದಿನದ ತರಬೇತಿ, ಒಂದು ಪ್ರಮಾಣಪತ್ರ ಅಲ್ಲ. ಮೊದಲ ಸಲ ಐದು ನಿಮಿಷದ ಪಾಠ ಮಾಡಲು ಎರಡು ಗಂಟೆ ಹಿಡಿಯುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡದೆ ಆ ಕೆಲಸ ಕೇಳುವ ಹಕ್ಕು ಎಚ್‌ಎಂಗೆ ಇಲ್ಲ. ಫೋನ್ ಚೆನ್ನಾಗಿ ಗೊತ್ತಿರುವ ಒಬ್ಬ ಕಿರಿಯ ಶಿಕ್ಷಕಿಯ ತಲೆಗೆ ಎಲ್ಲವನ್ನೂ ಕಟ್ಟುವ ರೂಢಿ ಬಹಳ ಕಡೆ ಇದೆ. ಅವರಿಗೆ ವರ್ಗಾವಣೆ ಆದ ದಿನ ಶಾಲೆಯ ಆನ್‌ಲೈನ್ ಪಾಠವೂ ವರ್ಗಾವಣೆಯಾಗುತ್ತದೆ, ಏಕೆಂದರೆ ವೀಡಿಯೊ, ಫಾರ್ಮ್, ಹಾಜರಾತಿ ಎಲ್ಲವೂ ಅವರ ಸ್ವಂತ ಜಿಮೇಲ್‌ನಲ್ಲಿರುತ್ತವೆ. ಶಾಲೆಯ ಹೆಸರಿನಲ್ಲೇ ಖಾತೆ ತೆರೆಯಿರಿ. ಸ್ವಂತ ಡೊಮೇನ್ ಇರುವ ಶಾಲೆಗಳಿಗೆ ಗೂಗಲ್‌ನ ಶಿಕ್ಷಣ ಆವೃತ್ತಿ ಉಚಿತ, ಮೀಟ್‌ನ 60 ನಿಮಿಷದ ಮಿತಿಯೂ ಅದಕ್ಕಿಲ್ಲ. ಅದಾಗದಿದ್ದರೆ ಶಾಲೆಯದೇ ಒಂದು ಜಿಮೇಲ್ ಇರಲಿ, ಪಾಸ್‌ವರ್ಡ್ ಬರೆದ ಮುಚ್ಚಿದ ಲಕೋಟೆ ಎಚ್‌ಎಂ ಬೀರುವಿನಲ್ಲಿರಲಿ, ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಅದೂ ಒಂದು ಐಟಂ ಆಗಲಿ.

ಲೈವ್ ತರಗತಿ ಬೇಡವೇ ಬೇಡ ಅನ್ನುತ್ತಿಲ್ಲ. ಮಳೆ ಬಿಟ್ಟ ಸಂಜೆ, ಅಪ್ಪ ಫೋನ್ ಸಮೇತ ಮನೆಗೆ ಬಂದ ಮೇಲೆ, ಅರ್ಧ ಗಂಟೆ, ಬರೀ ಸಂಶಯ ಕೇಳಲು ಇಡಿ. ಆನ್‌ಲೈನ್ ಪಾಠದ ಬಗ್ಗೆ ಕೇಂದ್ರ ಸರ್ಕಾರ ತಂದ 2020ರ ಪ್ರಗ್ಯಾತಾ ಮಾರ್ಗಸೂಚಿಯೂ ಒಂದರಿಂದ ಎಂಟನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಿಂತ ಹೆಚ್ಚು ಬೇಡ ಎಂದಿತ್ತು. ಸೇರಿದವರ ಹಾಜರಿ ತೆಗೆದುಕೊಳ್ಳಬೇಡಿ. ಸೇರಲಾಗದ ಮಗು ಗೈರುಹಾಜರಲ್ಲ.

ಶಾಲೆ ಮತ್ತೆ ತೆರೆದ ದಿನ ಮೊದಲ ಪೀರಿಯಡ್‌ನಲ್ಲಿ ಹೊಸ ಪಾಠ ಶುರು ಮಾಡಬೇಡಿ. ಎಲ್ಲರ ಹಾಳೆ ಬೆಂಚಿನ ಮೇಲೆ ಬರಲಿ. ಎಲ್ಲ ಮುಗಿಸಿದವರು ಒಂದು ಕಡೆ, ಅರ್ಧ ಮಾಡಿದವರು ಒಂದು ಕಡೆ, ಮುಟ್ಟದವರು ಮೇಷ್ಟ್ರ ಮೇಜಿನ ಸುತ್ತ. ಯಾವ ಲೆಕ್ಕದಲ್ಲಿ ಎಲ್ಲರೂ ನಿಂತರು ಎಂಬುದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಮಳೆಯ ಕವರಿಗೆ ಬಿಡಿಸಿದ ಮಾದರಿಯಾಗಿ ಹೋಗಬೇಕಾದ್ದು ಆ ಲೆಕ್ಕವೇ.