ಐವತ್ತು ಮೀಟರಿನ ವಾಚು, ಎದೆಮಟ್ಟದ ನೀರು

ನಾನು ಈಜು ಶುರು ಮಾಡಿ ಮೂರು ತಿಂಗಳಾಯ್ತು. ನೀರಿಗೆ ಇಳಿದಿದ್ದು ಹೋದ ವಾರ. ಮಧ್ಯದ ಅಷ್ಟೂ ದಿನ ವಾಚ್ ಹುಡುಕುತ್ತಿದ್ದೆ.

ನಗಬೇಡಿ. ವಾಚಿಲ್ಲದೆ ಈಜಿದರೆ ಸಾಕ್ಷಿ ಏನು? ಒದ್ದೆ ಕೂದಲು ನೋಡಿ ಸ್ನಾನ ಮಾಡಿಕೊಂಡು ಬಂದ ಅಂದುಕೊಳ್ತಾರೆ, ಅಷ್ಟೆ. ಆ್ಯಪ್‌ನಲ್ಲಿ ಬಾರದ ಈಜು ಈಜೇ ಅಲ್ಲ ಅಂತ ಈಗ ಊರಿಗೆಲ್ಲ ಗೊತ್ತು.

ಹುಡುಕಾಟದಲ್ಲಿ ಮೊದಲು ಎದುರಾಗಿದ್ದು ‘5 ಎಟಿಎಂ’. ಇದು ದುಡ್ಡು ಕೊಡುವ ಎಟಿಎಂ ಅಲ್ಲ, ದುಡ್ಡು ಕೊಟ್ಟ ಮೇಲೆ ಅರ್ಥವಾಗುವ ಎಟಿಎಂ. 50 ಮೀಟರ್ ನೀರಿನ ಒತ್ತಡ ತಡೆಯುತ್ತದೆ ಅಂತ ಅರ್ಥ. ಹಾಗಂತ ಕಟ್ಟಿಕೊಂಡು 50 ಮೀಟರ್ ಆಳಕ್ಕೆ ಹೋಗಬಹುದಾ? ಕೂಡದು. ಆ ಪರೀಕ್ಷೆ ನಡೆಯೋದು ಲ್ಯಾಬಿನಲ್ಲಿ, ಅಲ್ಲಾಡದೆ ಕೂತ ವಾಚಿನ ಮೇಲೆ. ಆಳಕ್ಕೆ ಡೈವ್ ಮಾಡುವವರ ವಾಚಿಗೆ ಐಎಸ್‌ಒ 6425 ಅಂತ ಬೇರೆಯೇ ಮಾನದಂಡ ಇದೆ. 5 ಎಟಿಎಂ ಇದ್ದರೆ ಕೊಳದಲ್ಲಿ ಈಜೋಕೆ ಧಾರಾಳ ಸಾಕು. ಸೋಪು, ಬಿಸಿನೀರು, ಹಬೆ ಮಾತ್ರ ಸೋಕಿಸಬೇಡಿ, ಒಳಗಿನ ಸೀಲ್ ಹಾಳಾಗುತ್ತೆ ಅಂತಾರೆ. ಅಂದರೆ ಐವತ್ತು ಮೀಟರ್ ನೀರಿಗೆ ಹೆದರದ ವೀರ ಒಂದು ಚೊಂಬು ಬಿಸಿನೀರಿಗೆ ಹೆದರುತ್ತಾನೆ. ನಾನು ಈಜುವ ಕಡೆ ನೀರು ಎದೆಮಟ್ಟ. ಆದರೂ 10 ಎಟಿಎಂದೇ ತಗೊಂಡೆ. ಸುಮ್ನೆ ರಿಸ್ಕ್ ಯಾಕೆ, ಅಲ್ವಾ?

ಜಿಪಿಎಸ್ ಕೂಡ ಒಳ್ಳೆಯದೇ ಬೇಕು ಅಂತ ಹಟ ಹಿಡಿದಿದ್ದೆ. ಸಿಗ್ನಲ್ ನೀರೊಳಗೆ ಇಳಿಯೋದಿಲ್ಲ. ಫ್ರೀಸ್ಟೈಲ್‌ನಲ್ಲಿ ಕೈ ಮೇಲೆ ಬಂದಾಗ ವಾಚು ಆಕಾಶ ನೋಡಿಕೊಳ್ಳುತ್ತೆ, ಮತ್ತೆ ಮುಳುಗುತ್ತೆ. ಅದೂ ಕೆರೆ, ಸಮುದ್ರದಲ್ಲಿ. ಪೂಲ್ ಮೋಡ್‌ನಲ್ಲಿ ನನ್ನ ವಾಚಿನ ಜಿಪಿಎಸ್ ಆನ್ ಆಗೋದೇ ಇಲ್ಲ. ಸಮುದ್ರಕ್ಕೆ ನಾನು ಪಾದ ಒದ್ದೆ ಮಾಡಿಕೊಳ್ಳೋಕೆ ಮಾತ್ರ ಹೋಗೋದು.

ಅಂತೂ ಆ ದಿನ ಬಂತು. ಕೊಳದ ಉದ್ದ 25 ಮೀಟರ್ ಅಂತ ವಾಚಿಗೆ ಹೇಳಿಕೊಟ್ಟೆ. ಗೋಡೆ ಎಲ್ಲಿದೆ ಅಂತ ಅದಕ್ಕೆ ಕಾಣೋದಿಲ್ಲ ನೋಡಿ. ಕೈ ಬೀಸುವ ಲಯ ನಿಂತು, ಗೋಡೆ ಒದ್ದು ಜಾರಿದ ಹಾಗೆ ಅನ್ನಿಸಿದರೆ ‘ಓ, ತಿರುಗಿದ’ ಅಂತ ಊಹೆ ಮಾಡಿ 25 ಮೀಟರ್ ಸೇರಿಸುತ್ತೆ. ನಡು ಕೊಳದಲ್ಲಿ ನನ್ನ ಗಾಗಲ್ಸ್‌ಗೆ ನೀರು ನುಗ್ಗಿತು. ನಿಂತೆ. ನೀರು ಚೆಲ್ಲಿದೆ. ಕೆಮ್ಮಿದೆ. ಮತ್ತೆ ನೆಲ ಒದ್ದು ಮುಂದೆ ಹೊರಟೆ. ವಾಚು ‘ಝುಂ’ ಅಂತು. ಒಂದು ಲೆಂಗ್ತ್ ಜಾಸ್ತಿ! ಗೋಡೆ ಮುಟ್ಟದೆ ಗೋಡೆ ಮುಟ್ಟಿದ ಪುಣ್ಯ. ಅವತ್ತು ನನ್ನ ಗಾಗಲ್ಸ್ ಎಷ್ಟು ಸಲ ಸೋರಿತು ಅಂತ ಕೇಳಬೇಡಿ.

ಮರುದಿನ ಕೋಚ್ ಕೈಗೆ ಕಿಕ್ ಬೋರ್ಡ್, ಅಂದರೆ ಹಿಡಿದುಕೊಂಡು ತೇಲುವ ಹಲಗೆ, ಕೊಟ್ಟು, ಇಪ್ಪತ್ತು ನಿಮಿಷ ಕಾಲು ಬಡಿ ಅಂದರು. ಬಡಿದೆ. ತೊಡೆ ಎರಡೂ ಕಲ್ಲಾದವು. ವಾಚು ನೋಡಿದರೆ ದೂರ: ಸೊನ್ನೆ. ಕೈ ಆಡಲಿಲ್ಲ, ಹಾಗಾಗಿ ನಾನು ಕದಲಲೇ ಇಲ್ಲವಂತೆ. ಇದಕ್ಕೂ ಪರಿಹಾರ ಇದೆ. ಡ್ರಿಲ್ ಲಾಗ್ ಅಂತ ಒಂದು ಸೌಲಭ್ಯ. ಮುಗಿದ ಮೇಲೆ ಎಷ್ಟು ದೂರ ಹೋದೆವು ಅಂತ ನಾವೇ ವಾಚಿಗೆ ತುಂಬಬೇಕು. ಎಣಿಸೋಕೆ ಅಂತ ತಂದವನಿಗೆ ಎಣಿಸಿ ಕೊಡುವ ಕೆಲಸ! ನಾನು ಕಿಕ್ ಬೋರ್ಡನ್ನೇ ಬಿಟ್ಟೆ. ವಾಚಿಗೆ ಇಷ್ಟವಿಲ್ಲದ್ದು ನನಗ್ಯಾಕೆ?

ಇನ್ನು ಸ್ವಾಲ್ಫ್ ಅಂತ ವಾಚು ಕೊಡುವ ಒಂದು ಅಂಕ. ಸ್ವಿಮ್ಮಿಂಗ್‌ಗೆ ಗಾಲ್ಫ್ ಕಟ್ಟಿ ಮಾಡಿದ ಹೆಸರು. ಒಂದು ಲೆಂಗ್ತ್‌ಗೆ 30 ಸೆಕೆಂಡು, 20 ಸ್ಟ್ರೋಕ್ ಆದರೆ ಸ್ವಾಲ್ಫ್ 50. ಐವತ್ತು ಏನು? ಸೆಕೆಂಡೂ ಅಲ್ಲ, ಸ್ಟ್ರೋಕೂ ಅಲ್ಲ. ಶಾಲೆಯಲ್ಲಿ ಹೀಗೆ ಕೂಡಿದ್ದರೆ ಮೇಷ್ಟ್ರು ಬೆಂಚ್ ಹತ್ತಿಸುತ್ತಿದ್ದರು. ಕಡಿಮೆ ಇದ್ದಷ್ಟೂ ಒಳ್ಳೆಯದು. ಎತ್ತರ, ತೋಳಿನ ಉದ್ದ ಒಬ್ಬೊಬ್ಬರದು ಒಂದೊಂದು ಥರ ಇರೋದರಿಂದ ಇನ್ನೊಬ್ಬರ ಜೊತೆ ಹೋಲಿಸೋದರಲ್ಲಿ ಹುರುಳಿಲ್ಲ. ಹಾಗಾಗಿ ಎಲ್ಲರೂ ಹೋಲಿಸುತ್ತೇವೆ.

ಎದೆಬಡಿತದ ಕಥೆ ಬೇಡ. ಚರ್ಮಕ್ಕೂ, ಬಡಿತ ಅಳೆಯಲು ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕಿಗೂ ನಡುವೆ ನೀರು ಸೇರಿಕೊಂಡರೆ ಅದು ಬಾಯಿಗೆ ಬಂದ ನಂಬರ್ ಹೇಳುತ್ತೆ. ಅಂಚು ಹಿಡಿದು ತೇಲುತ್ತಿದ್ದ ನನಗೆ 171 ತೋರಿಸಿತು. ಅದನ್ನು ನೋಡಿದ ಮೇಲೆ ನಿಜವಾಗಲೂ ಏರಿತು.

ನಿನ್ನೆ ಲೇನಿನ ಕೊನೆಯಲ್ಲಿ ನಾವು ಆರು ಜನ ಗೋಡೆಗೆ ಒರಗಿ ಮಣಿಕಟ್ಟು ನೋಡಿಕೊಳ್ಳುತ್ತಿದ್ದೆವು. ಒಬ್ಬರ ಟಚ್ ಸ್ಕ್ರೀನ್ ಒದ್ದೆ ಬೆರಳಿಗೆ ಬಗ್ಗುತ್ತಿರಲಿಲ್ಲ. ಇನ್ನೊಬ್ಬರದು ಸ್ಪೀಕರಿಂದ ನೀರು ಉಗುಳಲು ಕುಂಯ್ ಅನ್ನುತ್ತಿತ್ತು. ವಯಸ್ಸಾದವರೊಬ್ಬರು, ಬರಿಗೈಲಿ, ನಮ್ಮ ಸಂದಿಯಲ್ಲೇ ಹೇಗೋ ಜಾಗ ಮಾಡಿಕೊಂಡು ಗೋಡೆ ಮುಟ್ಟಿ ತಿರುಗಿದರು. ಹಾಗೆ ಐದಾರು ಸಲ ಬಂದು ಹೋದರು. ಕೊನೆಗೊಮ್ಮೆ ನಿಂತು, ಎದುರಿನ ಗೋಡೆಯ ದೊಡ್ಡ ಗಡಿಯಾರ ನೋಡಿ, ನನ್ನ ಕಡೆ ತಿರುಗಿದರು.

“ಎಷ್ಟು ಲ್ಯಾಪ್ ಆಯ್ತಪ್ಪಾ ನಿಂದು?”

“ಒಂದ್ನಿಮಿಷ ಇರಿ ಸರ್, ಇನ್ನೂ ಸಿಂಕ್ ಆಗ್ತಾ ಇದೆ.”